ಕಣ್ಣಿಗೆ ಬಿದ್ದ ಮಣ್ಣಿನ ಕಣ

ಬಳ್ಳಾರಿಗೆ ಸಮೀಪದ ಸಂಗನಕಲ್ಲಿನ ಗುಡ್ಡಗಳನ್ನು ಹತ್ತಿದವರು ಅಲ್ಲಿಯ ಕಲ್ಲುಚಕ್ಕೆಗಳನ್ನು ಕಂಡಿರುತ್ತಾರೆ. ಮೂರು ಸಾವಿರ ವರ್ಷಗಳಿಗೂ ಹಿಂದೆ ನವಶಿಲಾಯುಗದ ಜನರು ಅಲ್ಲಿ ಕರಿಕಲ್ಲನ್ನು ಒಡೆದು ಕೊಡಲಿಗಳನ್ನು ಮಾಡುತ್ತಿದ್ದರು. ಸಿಡಿದ ಚಕ್ಕೆ ಅಂದೂ ಎಷ್ಟೋ ಕಣ್ಣುಗಳಿಗೆ ತಾಗಿರಬೇಕು. ಇಂದಿಗೂ ಕಲ್ಲು ಒಡೆಯುವವರಿಗೆ, ಎರೆಹೊಲದಲ್ಲಿ ಜೋಳ ಕೊಯ್ಯುವವರಿಗೆ, ಸಿರುಗುಪ್ಪದ ಕಡೆ ಭತ್ತ ತೂರುವವರಿಗೆ ಆ ಭಯ ತಪ್ಪಿಲ್ಲ.

ಕರಿಗುಡ್ಡೆಯ ಮೇಲೆ ಗಾಜಿನಂತೆ ಕವಿದಿರುವ ಪಾರದರ್ಶಕ ಪಟಲಕ್ಕೆ ಕಾರ್ನಿಯಾ ಎಂದು ಹೆಸರು. ಅದರ ದಪ್ಪ ಅರ್ಧ ಮಿಲಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಅದು ಗೀರಿದಾಗ ರೋಗಾಣು ಒಳಹೊಕ್ಕು ಹುಣ್ಣಾಗುತ್ತದೆ. ಹುಣ್ಣು ಮಾಯ್ದರೂ ಬಿಳಿ ಕಲೆ ಉಳಿಯಬಹುದು. ಕಣ್ಣಿಗೆ ಹೂ ಬಿತ್ತೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದನ್ನೇ. ನಮ್ಮ ಬಾಲ್ಯದಲ್ಲಿ ಕಸ ಬಿದ್ದ ಕಣ್ಣಿಗೆ ಸೆರಗಿನ ತುದಿ, ಹರಳೆಣ್ಣೆ, ಎದೆಹಾಲು ಇವೇ ಔಷಧಗಳಾಗಿದ್ದವು. ಪ್ರೀತಿಯಿಂದಲೇ ಮಾಡುತ್ತಿದ್ದರು, ಆದರೆ ಗೀರಿದ ಕಣ್ಣಿಗೆ ಅವು ಹೊಸ ರೋಗಾಣುಗಳನ್ನು ಸೇರಿಸಬಲ್ಲವು.

ಇಂಥ ಹುಣ್ಣುಗಳಿಗೆ ಶಿಲೀಂಧ್ರಗಳೋ ಸಾಮಾನ್ಯ ಬ್ಯಾಕ್ಟೀರಿಯಗಳೋ ಕಾರಣವಾಗುವುದು ಹೆಚ್ಚು. ಅಪರೂಪದ್ದೊಂದಿದೆ: ನೊಕಾರ್ಡಿಯಾ. 1888ರಲ್ಲಿ ಫ್ರಾನ್ಸಿನ ಪಶುವೈದ್ಯ ಎಡ್ಮಂಡ್ ನೊಕಾರ್ ದನಗಳ ರೋಗವೊಂದರಲ್ಲಿ ಇಂಥ ಜೀವಿಯನ್ನು ಗುರುತಿಸಿದನು; ಹೆಸರು ಅವನದೇ. ಇದರ ವಾಸ ಮಣ್ಣಿನಲ್ಲಿ. ಬ್ಯಾಕ್ಟೀರಿಯವಾದರೂ ಎಳೆಎಳೆಯಾಗಿ ಕವಲೊಡೆದು ಶಿಲೀಂಧ್ರದ ವೇಷ ಹಾಕುತ್ತದೆ. ಹುಣ್ಣು ನಿಧಾನವಾಗಿ ಬೆಳೆಯುತ್ತದೆ. ಅದರ ಅಂಚಿನಲ್ಲಿ ಸಣ್ಣ ಬಿಳಿ ಚುಕ್ಕೆಗಳು ಹಾರದಂತೆ ಕಾಣುವುದುಂಟು. ಶಿಲೀಂಧ್ರವೆಂದು ಬಗೆದು ನಟಮೈಸಿನ್ ಹಾಕಿದರೆ ದಿನಗಳು ಕಳೆಯುತ್ತವೆಯೇ ಹೊರತು ಗುಣವಾಗುವುದಿಲ್ಲ.

ಆದ್ದರಿಂದ ಹುಣ್ಣನ್ನು ಮೆಲ್ಲಗೆ ಕೆರೆದು, ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡುವುದೊಂದೇ ದಾರಿ. ನೊಕಾರ್ಡಿಯಾಕ್ಕೆ ದುರ್ಬಲ ಆಮ್ಲದಲ್ಲಿ ತೊಳೆಯುವ ವಿಶೇಷ ಬಣ್ಣದ ಪರೀಕ್ಷೆಯುಂಟು. ಪ್ರಯೋಗಾಲಯದಲ್ಲಿ ಇದನ್ನು ಬೆಳೆಸಿ ನೋಡಲು ಕೆಲವೊಮ್ಮೆ ವಾರವೇ ಬೇಕಾಗುತ್ತದೆ. ಗುರುತು ಸಿಕ್ಕರೆ ಅಮಿಕಾಸಿನ್ ಎಂಬ ಔಷಧವಿದೆ. ಚುಚ್ಚುಮದ್ದಿನ ಅಮಿಕಾಸಿನ್ ಅನ್ನು ತೆಳುಮಾಡಿ ಶೇಕಡಾ 2ರಿಂದ 2.5ರಷ್ಟು ಬಲದ ಹನಿಯಾಗಿ ಸಿದ್ಧಪಡಿಸುತ್ತಾರೆ. ಮೊದಮೊದಲು ಗಂಟೆಗೊಮ್ಮೆ, ರಾತ್ರಿಯೂ ನಿದ್ದೆಗೆಟ್ಟು ಹಾಕಬೇಕು. ಅನಂತರ ವಾರಗಟ್ಟಲೆ ಮುಂದುವರಿಸಬೇಕು. ಮನೆಯವರ ತಾಳ್ಮೆಯೂ ಇಲ್ಲಿ ಔಷಧವೇ.

ನಮ್ಮನ್ನು ಹೆಚ್ಚು ಕಾಡುವುದು ಅಂಗಡಿಯಲ್ಲಿ ಕೇಳಿ ತರುವ ಹನಿಗಳ ವಿಚಾರ. ಕೆಂಪು ಇಳಿಸುವ ಎಷ್ಟೋ ಹನಿಗಳಲ್ಲಿ ಸ್ಟೀರಾಯ್ಡ್ ಇರುತ್ತದೆ. ನೋವು ತಗ್ಗಿದಂತಾಗಿ ರೋಗಿ ಹೊಲಕ್ಕೆ ಮರಳುತ್ತಾನೆ. ಒಳಗೆ ಹುಣ್ಣು ಹಬ್ಬುತ್ತದೆ. ತಮಿಳುನಾಡಿನ ಅರವಿಂದ ಕಣ್ಣಾಸ್ಪತ್ರೆಗಳ ಪಾತ್ರ ದೊಡ್ಡದಾಗಿದ್ದ, 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಬ್ಯಾಕ್ಟೀರಿಯದ ಹುಣ್ಣಿದ್ದ 500 ರೋಗಿಗಳನ್ನು ಪರೀಕ್ಷಿಸಿದ್ದರು. ಅವರಲ್ಲಿ 55 ಮಂದಿಗೆ ನೊಕಾರ್ಡಿಯಾ. ದಕ್ಷಿಣದ ನಮ್ಮ ಹೊಲಗಳವರಿಗೆ ಇದು ಅಷ್ಟೇನೂ ಅಪರೂಪವಲ್ಲವೆಂದು ನಮಗನಿಸುತ್ತದೆ. ವೈದ್ಯರ ಕಣ್ಣೆದುರೇ, ಪ್ರತಿಜೀವಕದ ಜೊತೆಗೆ ಸ್ಟೀರಾಯ್ಡ್ ಹಾಕಿಯೂ ಈ ರೋಗಿಗಳ ಕಲೆ ದೊಡ್ಡದಾಗಿ ಉಳಿಯಿತು. ವೈದ್ಯರ ಎಣೆಯಿಲ್ಲದೆ ಹಾಕಿಕೊಂಡವರ ಗತಿಯೇನು?

ಕಸ ಬಿದ್ದರೆ ಉಜ್ಜದೆ ಶುದ್ಧ ನೀರಿನಿಂದ ತೊಳೆಯಿರಿ. ಕೆಂಪು, ನೋವು, ಮಂಜು ಉಳಿದರೆ ಅಂದೇ ನೇತ್ರವೈದ್ಯರಲ್ಲಿಗೆ ಹೋಗಿರಿ. ಈಗಾಗಲೇ ಯಾವುದಾದರೂ ಹನಿ ಹಾಕಿದ್ದರೆ ಸಂಕೋಚಪಡದೆ ಆ ಸೀಸೆಯನ್ನೂ ಜೊತೆಗೆ ಒಯ್ಯಿರಿ; ಅದರ ಮೇಲಿನ ಹೆಸರು ನೋಡಿಯೇ ವೈದ್ಯರು ಮುಂದಿನ ಹೆಜ್ಜೆ ಇಡಬೇಕಾಗುತ್ತದೆ.