ಮುಕ್ಕಾಲು ಮಿಲಿಮೀಟರಿನ ಕಿಡಿ

ಸುಜುಕಿ ಹಯಾಬುಸಾದಂಥ ನಾಲ್ಕು ಸಿಲಿಂಡರಿನ ಸ್ಪೋರ್ಟ್ಸ್ ಬೈಕಿನ ಎಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗುತ್ತಿದೆ ಎಂದುಕೊಳ್ಳಿ. ಫೋರ್ ಸ್ಟ್ರೋಕ್ ಎಂಜಿನ್ನಿನ ಪ್ರತಿ ಸಿಲಿಂಡರಿಗೂ ಎರಡು ಸುತ್ತಿಗೊಂದು ಕಿಡಿ ಬೇಕು. ಅಂದರೆ ಒಂದೊಂದು ಸ್ಪಾರ್ಕ್ ಪ್ಲಗ್ ನಿಮಿಷಕ್ಕೆ 5,000 ಸಲ, ಸೆಕೆಂಡಿಗೆ 83 ಸಲ ಕಿಡಿ ಹಾರಿಸಬೇಕು. ಆ ವೇಗದಲ್ಲಿ ಒಂದು ಪೂರ್ತಿ ಸುತ್ತು ಮುಗಿಯುವುದಕ್ಕೆ ಹಿಡಿಯುವ ಕಾಲ ಆರು ಮಿಲಿಸೆಕೆಂಡ್ ಮಾತ್ರ. ಕಿಡಿ ಅರ್ಧ ಮಿಲಿಸೆಕೆಂಡ್ ತಡವಾದರೆ ಅಷ್ಟರಲ್ಲಿ ಕ್ರ್ಯಾಂಕ್ 30 ಡಿಗ್ರಿ ಮುಂದೆ ಹೋಗಿರುತ್ತದೆ. ಇಷ್ಟೆಲ್ಲ ನಡೆಯುವುದು ಎರಡು ಲೋಹದ ತುದಿಗಳ ನಡುವಿನ 0.7ರಿಂದ 0.8 ಮಿಲಿಮೀಟರ್ ಸಂದಿನಲ್ಲಿ.

ಪ್ಲಗ್ ಬದಲಾಯಿಸುವುದು ಮನೆಯಲ್ಲೇ ಮಾಡಬಹುದಾದ ಕೆಲಸ. ಆದರೆ ಕೈಪಿಡಿಯಲ್ಲಿ ‘ಹೀಗೆ ಮಾಡಿ, ಹಾಗೆ ಮಾಡಬೇಡಿ’ ಎಂದು ಬರೆದಿರುವ ಒಂದೊಂದು ಸಾಲಿನ ಹಿಂದೆಯೂ ಭೌತವಿಜ್ಞಾನದ ಒಂದು ಕಾರಣವಿದೆ. ಆ ಕಾರಣ ಗೊತ್ತಿದ್ದವರ ಕೈ ತಪ್ಪುವುದು ಕಡಿಮೆ. ಹಾಗಾಗಿ ಸ್ಪ್ಯಾನರ್ ಹಿಡಿಯುವ ಮೊದಲು ಆ ಸಂದನ್ನು ಸ್ವಲ್ಪ ನೋಡೋಣ.

ಗಾಳಿ ವಿದ್ಯುತ್ತನ್ನು ಸುಮ್ಮನೆ ಹಾಯಗೊಡುವುದಿಲ್ಲ. ವೋಲ್ಟೇಜ್ ಏರಿಸುತ್ತ ಹೋದಂತೆ ಅನಿಲದಲ್ಲಿರುವ ಕೆಲವೇ ಎಲೆಕ್ಟ್ರಾನ್‌ಗಳು ವೇಗ ಪಡೆದು ಅಣುಗಳಿಗೆ ಬಡಿಯುತ್ತವೆ, ಬಡಿದಲ್ಲೆಲ್ಲ ಹೊಸ ಎಲೆಕ್ಟ್ರಾನ್‌ಗಳು ಬಿಡುಗಡೆಯಾಗುತ್ತವೆ, ಅವೂ ಬಡಿಯತೊಡಗುತ್ತವೆ. ಈ ಸರಣಿ ಒಂದು ಮಿತಿ ದಾಟಿದಾಗ ಕಿಡಿ ಹಾರುತ್ತದೆ. ಅದಕ್ಕೆ ಎಷ್ಟು ವೋಲ್ಟ್ ಬೇಕು ಎಂಬುದನ್ನು ಜರ್ಮನಿಯ ಫ್ರೀಡ್ರಿಕ್ ಪಾಶೆನ್ 1889ರಲ್ಲಿ ಅಳೆದು ತೋರಿಸಿದರು. ಸಂದಿನ ಅಗಲವನ್ನು ಅನಿಲದ ಒತ್ತಡದಿಂದ ಗುಣಿಸಿದರೆ ಬರುವ ಗುಣಲಬ್ಧದ ಮೇಲೆ ಅದು ನಿಂತಿದೆ. ನಮ್ಮ ಸುತ್ತಲಿನ ಗಾಳಿಯಲ್ಲಿ ಮುಕ್ಕಾಲು ಮಿಲಿಮೀಟರ್ ದಾಟಲು ಮೂರು ನಾಲ್ಕು ಸಾವಿರ ವೋಲ್ಟ್ ಸಾಕು. ಪಿಸ್ಟನ್ ಗಾಳಿ-ಪೆಟ್ರೋಲ್ ಮಿಶ್ರಣವನ್ನು ಒತ್ತಿ ದಟ್ಟವಾಗಿಸಿದ ಮೇಲೆ ಅದೇ ಸಂದಿಗೆ ಹತ್ತು ಸಾವಿರಕ್ಕೂ ಮೀರಿದ ವೋಲ್ಟ್ ಬೇಕಾಗುತ್ತದೆ. 12 ವೋಲ್ಟಿನ ಬ್ಯಾಟರಿಯಿಂದ ಅಷ್ಟನ್ನು ಎಬ್ಬಿಸುವುದು ಇಗ್ನಿಷನ್ ಕಾಯಿಲ್.

ಸವೆದ ಪ್ಲಗ್ಗಿನ ಬೈಕು ನಿಂತಲ್ಲಿ ಚೆನ್ನಾಗಿಯೇ ಓಡುತ್ತದೆ, ಊರೊಳಗೂ ತೊಂದರೆ ಕೊಡುವುದಿಲ್ಲ. ಹೆದ್ದಾರಿಯಲ್ಲಿ ಲಾರಿಯೊಂದನ್ನು ಹಿಂದಿಕ್ಕಲು ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಮಾತ್ರ ‘ಮಿಸ್ಸಿಂಗ್’ ಹೊಡೆಯುತ್ತದೆ. ಸವಾರರನ್ನು ಗೊಂದಲಕ್ಕೆ ದೂಡುವ ಈ ಲಕ್ಷಣಕ್ಕೆ ಉತ್ತರ ಪಾಶೆನ್ನರ ನಿಯಮದಲ್ಲೇ ಇದೆ. ಪ್ರತಿ ಕಿಡಿಯೂ ಎಲೆಕ್ಟ್ರೋಡ್‌ನಿಂದ ಕಣ್ಣಿಗೆ ಕಾಣದಷ್ಟು ಲೋಹವನ್ನು ಹಾರಿಸುತ್ತದೆ. ವಿದ್ಯುತ್ ಕ್ಷೇತ್ರ ಚೂಪು ಅಂಚಿನಲ್ಲಿ ಸಾಂದ್ರವಾಗುವುದರಿಂದ ಕಿಡಿ ಹಾರುವುದು ಅಲ್ಲಿಂದಲೇ. ಹಾಗಾಗಿ ಮೊದಲು ಸವೆಯುವುದೂ ಆ ಅಂಚೇ. ಅಂಚು ದುಂಡಗಾಗಿ, ಸಂದು 0.8ರಿಂದ 1 ಮಿಲಿಮೀಟರ್‌ನತ್ತ ಹಿಗ್ಗಿದರೆ ಬೇಕಾಗುವ ವೋಲ್ಟೇಜ್ ಏರುತ್ತದೆ. ಥ್ರಾಟಲ್ ಪೂರ್ತಿ ತೆರೆದಾಗ ಸಿಲಿಂಡರಿನಲ್ಲಿ ಮಿಶ್ರಣ ಅತಿ ದಟ್ಟ. ಎಂಜಿನ್ ವೇಗ ಏರಿದ ಹಾಗೆ ಕಾಯಿಲ್‌ಗೆ ಶಕ್ತಿ ತುಂಬಿಕೊಳ್ಳಲು ಸಿಗುವ ಸಮಯ ಕಡಿಮೆ. ಬೇಡಿಕೆ ಅತಿ ಹೆಚ್ಚಿರುವಾಗಲೇ ಪೂರೈಕೆಗೆ ಬಿಡುವಿಲ್ಲ. ಕಿಡಿ ತಪ್ಪುವುದು ಆಗ. ಸುಡದೆ ಉಳಿದ ಪೆಟ್ರೋಲ್ ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅಲ್ಲಿ ಉರಿಯುತ್ತದೆ, ಅದನ್ನೂ ಹಾಳುಮಾಡುತ್ತದೆ. ನಿಕ್ಕಲ್ ತುದಿಯ ಸಾಮಾನ್ಯ ಪ್ಲಗ್ಗನ್ನು ಹತ್ತು ಹನ್ನೆರಡು ಸಾವಿರ ಕಿಲೊಮೀಟರಿಗೆ ಬದಲಿಸಿ ಎಂದು ಅನೇಕ ಬೈಕುಗಳ ಕೈಪಿಡಿ ಹೇಳುವುದು ಇದಕ್ಕೇ. ಇನ್ನು ಕೆಲವು ಪ್ಲಗ್ಗುಗಳ ತುದಿ ಇರಿಡಿಯಂ ಲೋಹದ್ದು. ಇರಿಡಿಯಂ ಕರಗುವುದು 2,446 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿಕ್ಕಲ್ 1,455ರಲ್ಲಿ. ಹಾಗಾಗಿ ಇರಿಡಿಯಂ ತುದಿಯನ್ನು ಅರ್ಧ ಮಿಲಿಮೀಟರಿನಷ್ಟು ತೆಳ್ಳಗೆ ಮಾಡಬಹುದು. ತೆಳುವಾದ ತುದಿಯಿಂದ ಕಿಡಿ ಕಡಿಮೆ ವೋಲ್ಟೇಜಿಗೇ ಹಾರುತ್ತದೆ, ತುದಿ ಬಾಳಿಕೆಯೂ ಬರುತ್ತದೆ.

ಕಿಡಿ ಹಾರಿಸುವುದು ಪ್ಲಗ್ಗಿನ ಅರ್ಧ ಕೆಲಸ. ಇನ್ನರ್ಧ, ತನ್ನ ಬಿಸಿಯನ್ನು ತಾನೇ ಸಂಭಾಳಿಸಿಕೊಳ್ಳುವುದು. ಬೆಂಕಿಯೊಳಕ್ಕೆ ಚಾಚಿಕೊಂಡ ಅದರ ಸೆರಾಮಿಕ್ ಮೂತಿ ಸುಮಾರು 450 ಡಿಗ್ರಿಗಿಂತ ತಣ್ಣಗಿದ್ದರೆ ಮಸಿ ಸುಟ್ಟುಹೋಗದೆ ಅಲ್ಲೇ ಕೂರುತ್ತದೆ. ಮಸಿ ಇಂಗಾಲ, ವಿದ್ಯುತ್ತು ಸಂದನ್ನು ಹಾರುವ ಬದಲು ಅದರ ಮೇಲೆ ಹರಿದು ಸೋರಿಹೋಗುತ್ತದೆ. ಮೂತಿ 900 ಡಿಗ್ರಿ ದಾಟಿದರೆ ಕಿಡಿಗೆ ಮುಂಚೆಯೇ ಅದರ ಶಾಖಕ್ಕೆ ಪೆಟ್ರೋಲ್ ಹೊತ್ತಿಕೊಂಡು ಪಿಸ್ಟನ್ನಿಗೆ ತೂತು ಬೀಳಬಹುದು. ಈ ಎರಡರ ನಡುವೆ ಇರಬೇಕೆಂದೇ ಒಂದೊಂದು ಎಂಜಿನ್ನಿಗೆ ಒಂದೊಂದು ‘ಹೀಟ್ ರೇಂಜ್’ನ ಪ್ಲಗ್ಗು. ಹಳೆಯ ಹಯಾಬುಸಾಗೆ ಹಾಕುತ್ತಿದ್ದ ಎನ್‌ಜಿಕೆ ಕಂಪನಿಯ ಪ್ಲಗ್ಗಿನ ಹೆಸರು ಸಿಆರ್9ಇ. ಸಿ ಅಂದರೆ 10 ಮಿಲಿಮೀಟರಿನ ಥ್ರೆಡ್. ಆರ್ ಅಂದರೆ ಒಳಗೊಂದು ರೆಸಿಸ್ಟರ್ ಇದೆ. ಕಿಡಿಯ ರೇಡಿಯೊ ಗದ್ದಲ ಬೈಕಿನ ಎಲೆಕ್ಟ್ರಾನಿಕ್ ನಿಯಂತ್ರಕವಾದ ಇಸಿಯುವನ್ನು ಕೆಡಿಸದಂತೆ ಅದು ತಡೆಯುತ್ತದೆ. 9 ಎಂಬುದು ಶಾಖದ ಅಂಕಿ. ಈ ಕಂಪನಿಯ ಲೆಕ್ಕದಲ್ಲಿ ಅಂಕಿ ದೊಡ್ಡದಾದಷ್ಟೂ ಪ್ಲಗ್ಗು ‘ಕೋಲ್ಡ್’, ಅಂದರೆ ಶಾಖವನ್ನು ಬೇಗ ಹೊರಗೆ ದಾಟಿಸುವಂಥದ್ದು. ಇ ಎಂದರೆ ಥ್ರೆಡ್ಡಿನ ಉದ್ದ 19 ಮಿಲಿಮೀಟರ್. ಈ ಉದ್ದ ಹೆಚ್ಚಾದರೆ ಪಿಸ್ಟನ್ ಬಂದು ಪ್ಲಗ್ಗಿಗೆ ಬಡಿಯಬಹುದು. ಅಂಗಡಿಯವರು ‘ಇದೂ ಆಗುತ್ತೆ ಸರ್’ ಎಂದು ಕೊಟ್ಟರೂ, ಕೈಪಿಡಿಯಲ್ಲಿರುವ ಪೂರ್ತಿ ಹೆಸರು ಅಕ್ಷರ ಬಿಡದೆ ಹೊಂದದಿದ್ದರೆ ತೆಗೆದುಕೊಳ್ಳಬಾರದು.

ಪ್ಲಗ್ಗಿಗೂ ನಮ್ಮ ನಾಡಿಗೂ ಹಳೆಯ ನಂಟಿದೆ. ಕಥೆ ಶುರುವಾಗುವುದು ಮಾತ್ರ ಯುರೋಪಿನಲ್ಲಿ. ಅಲ್ಲಿ ಎಟಿಯೆನ್ ಲೆನುವಾರ್ ಎಂಬವರು 1860ರಲ್ಲಿ ತಮ್ಮ ಗ್ಯಾಸ್ ಎಂಜಿನ್ನಿಗೆ ವಿದ್ಯುತ್ ಕಿಡಿ ಬಳಸಿದರು. 1902ರಲ್ಲಿ ಬಾಷ್ ಕಂಪನಿಯ ಗಾಟ್ಲೋಬ್ ಹೊನೋಲ್ಡ್ ಕಿಡಿಗೆ ವಿದ್ಯುತ್ ಹುಟ್ಟಿಸುವ ಅಧಿಕ ವೋಲ್ಟೇಜಿನ ಮ್ಯಾಗ್ನೆಟೊ ಮತ್ತು ಪ್ಲಗ್ಗಿನ ಜೋಡಿಯನ್ನು ರೂಪಿಸಿದ ಮೇಲೆ ವೇಗದ ಎಂಜಿನ್‌ಗಳಿಗೆ ದಾರಿಯಾಯಿತು. ಅದೇ ಬಾಷ್‌ನ ಭಾರತೀಯ ಕಂಪನಿ ಮೈಕೊ 1951ರಲ್ಲಿ ಆರಂಭವಾಗಿ, ಬೆಂಗಳೂರಿನ ಆಡುಗೋಡಿಯ ಕಾರ್ಖಾನೆಯಿಂದ ಮೈಕೊ ಪ್ಲಗ್ಗನ್ನು ದೇಶದ ಮನೆಮಾತಾಗಿಸಿತು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿಗಳು ಟೂ ಸ್ಟ್ರೋಕ್ ಬೈಕುಗಳು. ಪೆಟ್ರೋಲಿನ ಜೊತೆಗೇ ಆಯಿಲ್ ಉರಿಯುತ್ತಿದ್ದುದರಿಂದ ಅವುಗಳ ಪ್ಲಗ್ಗು ಬೇಗ ಕಪ್ಪಾಗುತ್ತಿತ್ತು. ಡಿಕ್ಕಿಯಲ್ಲೊಂದು ಪ್ಲಗ್ ಸ್ಪ್ಯಾನರ್, ಮರಳು ಕಾಗದದ ಚೂರು ಇಟ್ಟುಕೊಂಡು ದಾರಿಬದಿಯಲ್ಲೇ ಉಜ್ಜಿ ಹಾಕುವ ಅಭ್ಯಾಸ ಬಂದದ್ದು ಅಲ್ಲಿಂದ. ಆ ಅಭ್ಯಾಸವನ್ನು ಇಂದಿನ ಬೈಕಿಗೆ ತರಬಾರದು. ಇರಿಡಿಯಂನ ಸಣ್ಣ ತುದಿ ಉಜ್ಜಿದರೆ ಮುರಿಯುತ್ತದೆ. ತಂತಿ ಬ್ರಶ್ಶಿನ ಲೋಹ ಸೆರಾಮಿಕ್ಕಿಗೆ ಮೆತ್ತಿಕೊಂಡು ವಿದ್ಯುತ್ ಸೋರಲು ಹೊಸ ದಾರಿ ಮಾಡುತ್ತದೆ.

ಈಗ ಕೆಲಸಕ್ಕೆ ಬರೋಣ. ಎಂಜಿನ್ ಪೂರ್ತಿ ತಣಿದಿರಬೇಕು. ರಾತ್ರಿ ನಿಲ್ಲಿಸಿ ಬೆಳಗ್ಗೆ ಮಾಡುವುದು ಒಳ್ಳೆಯದು. ಸಿಲಿಂಡರ್ ಹೆಡ್ ಅಲ್ಯೂಮಿನಿಯಂ, ಪ್ಲಗ್ಗಿನ ಮೈ ಉಕ್ಕು. ಬಿಸಿಗೆ ಅಲ್ಯೂಮಿನಿಯಂ ಉಕ್ಕಿನ ಸುಮಾರು ಎರಡರಷ್ಟು ಹಿಗ್ಗುತ್ತದೆ, ಮೃದುವೂ ಆಗುತ್ತದೆ. ಬಿಸಿಯಲ್ಲಿ ಬಿಚ್ಚಿದರೆ ಥ್ರೆಡ್ ಕಿತ್ತುಬರುವ ಭಯ. ಬಿಸಿಯಲ್ಲಿ ಬಿಗಿದರೆ ತಣಿದ ಮೇಲೆ ಆ ಬಿಗಿ ಎಷ್ಟಾಗುತ್ತದೆಂದು ಹೇಳಲಾಗದು.

ಯಮಹಾ ಆರ್15ನಂಥ ಒಂದು ಸಿಲಿಂಡರಿನ ಬೈಕಿನಲ್ಲಿ ಪ್ಲಗ್ ಒಂದೇ. ಪಲ್ಸರ್ ಎನ್ಎಸ್200ರಲ್ಲಿ ಸಿಲಿಂಡರ್ ಒಂದೇ ಆದರೂ ಪ್ಲಗ್ ಮೂರು. ಮೂರು ಕಡೆಯಿಂದ ಹೊತ್ತಿಸಿದರೆ ಬೆಂಕಿ ಹರಡಬೇಕಾದ ದೂರ ಕಡಿಮೆ. ನಾಲ್ಕು ಸಿಲಿಂಡರಿನ ದೊಡ್ಡ ಬೈಕಿನಲ್ಲಿ ಪ್ಲಗ್ಗುಗಳು ಪೆಟ್ರೋಲ್ ಟ್ಯಾಂಕು, ಏರ್ ಫಿಲ್ಟರ್ ಪೆಟ್ಟಿಗೆಗಳ ಕೆಳಗೆ ಆಳದ ಕುಳಿಗಳಲ್ಲಿ ಅಡಗಿರುತ್ತವೆ. ಪೆಟ್ಟಿಗೆ ತೆಗೆದ ತಕ್ಷಣ ಥ್ರಾಟಲ್‌ನ ನಾಲ್ಕು ಬಾಯಿಗಳಿಗೂ ಶುದ್ಧ ಬಟ್ಟೆ ತುರುಕಬೇಕು. ಒಂದು ವಾಷರ್ ಒಳಗೆ ಬಿದ್ದರೆ ಅದು ನೇರ ವಾಲ್ವಿನ ದಾರಿ ಹಿಡಿಯುತ್ತದೆ.

ಪ್ಲಗ್ಗಿನ ಮೇಲೆ ಕಡ್ಡಿಯಂತೆ ಕೂತಿರುವ ಕಾಯಿಲನ್ನು ಸ್ವಲ್ಪ ತಿರುಗಿಸಿ ನೇರ ಮೇಲಕ್ಕೆಳೆಯಬೇಕು. ಸ್ಕ್ರೂಡ್ರೈವರಿನಿಂದ ಮೀಟಿದರೆ ಅದರ ತಲೆ ಸೀಳುತ್ತದೆ. ಆಮೇಲೆ, ಪ್ಲಗ್ ಸಡಿಲಿಸುವುದಕ್ಕೆ ಮುಂಚೆ ಕುಳಿಯನ್ನು ಗಾಳಿ ಊದಿ ಶುಚಿ ಮಾಡಬೇಕು. ಬೇಸಿಗೆಯ ಧೂಳು, ವಾಟರ್ ಸರ್ವಿಸಿನಲ್ಲಿ ಕೊಚ್ಚಿಬಂದ ಮರಳು ಅಲ್ಲಿ ಕೂತಿರುತ್ತದೆ. ಪ್ಲಗ್ ಬಿಚ್ಚಿದ ಕ್ಷಣ ಅದೆಲ್ಲ ಸಿಲಿಂಡರಿಗಿಳಿದು ಪಿಸ್ಟನ್ನಿನ ದಾರಿಯನ್ನು ಗೀರುತ್ತದೆ. ಇಡೀ ಕೆಲಸದಲ್ಲಿ ಜನ ಅತಿ ಹೆಚ್ಚು ಮರೆಯುವ ಹೆಜ್ಜೆ ಇದೇ ಎಂಬುದು ನನ್ನ ಅನಿಸಿಕೆ.

ಹೊಸ ಪ್ಲಗ್ಗನ್ನು ಹಾಕುವ ಮುಂಚೆ ಫೀಲರ್ ಗೇಜಿನಿಂದ ಸಂದು ಅಳೆಯಿರಿ. ನಿಕ್ಕಲ್ ಪ್ಲಗ್ಗಾದರೆ ಹೊರಗಿನ ಎಲೆಕ್ಟ್ರೋಡನ್ನು ತುಸು ಬಗ್ಗಿಸಿ ಸರಿಮಾಡಬಹುದು. ಇರಿಡಿಯಂನದ್ದನ್ನು ಮುಟ್ಟದಿರುವುದೇ ಕ್ಷೇಮ. ಕುಳಿ ಆಳವಾಗಿರುವುದರಿಂದ ಪ್ಲಗ್ಗಿನ ಮೇಲ್ತುದಿಗೆ ರಬ್ಬರ್ ಪೈಪಿನ ತುಂಡು ಸಿಕ್ಕಿಸಿ ಇಳಿಸಿ. ಮೊದಲು ಎಡಕ್ಕೆ ನಿಧಾನ ತಿರುಗಿಸಿದರೆ ಒಂದು ಕಡೆ ಥ್ರೆಡ್ಡಿಗೆ ಥ್ರೆಡ್ ಕೂತದ್ದು ಬೆರಳಿಗೆ ಗೊತ್ತಾಗುತ್ತದೆ, ಅಲ್ಲಿಂದ ಬಲಕ್ಕೆ. ಥ್ರೆಡ್ ಓರೆಯಾಗಿ ಹಿಡಿದರೆ ರಬ್ಬರ್ ಪೈಪು ಜಾರುತ್ತದೆ. ಸ್ಪ್ಯಾನರ್ ಜಾರುವುದಿಲ್ಲ, ಅದು ಅಲ್ಯೂಮಿನಿಯಂ ಹೆಡ್ಡನ್ನು ಕತ್ತರಿಸಿಕೊಂಡು ಹೋಗುತ್ತದೆ. ಕಡೆಯ ಸುತ್ತಿನ ತನಕ ಬೆರಳೇ ಸಾಕೆನ್ನುವುದು ಅದಕ್ಕೆ.

ಕೊನೆಗೆ ಟಾರ್ಕ್ ರೆಂಚ್. 10 ಮಿಲಿಮೀಟರ್ ಥ್ರೆಡ್ಡಿಗೆ ಬೇಕಾದ ಬಿಗಿ 10ರಿಂದ 12 ನ್ಯೂಟನ್ ಮೀಟರ್. ಇಪ್ಪತ್ತು ಸೆಂಟಿಮೀಟರ್ ಉದ್ದದ ಹಿಡಿಯ ತುದಿಯಲ್ಲಿ ಐದಾರು ಕಿಲೊ ತೂಕ ಹಾಕಿದಷ್ಟು, ಅದಕ್ಕಿಂತ ಹೆಚ್ಚಿಲ್ಲ. ರೆಂಚ್ ಇಲ್ಲದವರು ಹೊಸ ಪ್ಲಗ್ಗಿಗೆ ಬೆರಳಿನ ಬಿಗಿಯ ಮೇಲೆ ಅರ್ಧ ಸುತ್ತು ಕೊಡಬಹುದು, ಅಷ್ಟರಲ್ಲಿ ಹೊಸ ವಾಷರ್ ಚಪ್ಪಟೆಯಾಗುತ್ತದೆ. ಹಳೆಯ ಪ್ಲಗ್ಗನ್ನೇ ಮತ್ತೆ ಹಾಕುವುದಾದರೆ ಸುತ್ತಿನ ಹನ್ನೆರಡನೇ ಒಂದು ಭಾಗ ಸಾಕು. ಬಿಗಿ ಕಡಿಮೆಯಾಗುವುದೂ ಅಪಾಯವೇ. ಪ್ಲಗ್ಗಿನ ಶಾಖ ಹೆಡ್ಡಿಗೆ ದಾಟುವುದು ಥ್ರೆಡ್ ಮತ್ತು ವಾಷರಿನ ಮೂಲಕ. ಸಡಿಲ ಪ್ಲಗ್ಗಿಗೆ ಆ ದಾರಿ ಮುಚ್ಚಿ, ಮೂತಿ ಕೆಂಡವಾಗುತ್ತದೆ. ಥ್ರೆಡ್ಡಿಗೆ ಗ್ರೀಸ್ ಹಚ್ಚುವುದೂ ಬೇಡ. ಜಾರಿಕೆ ಹೆಚ್ಚಿದರೆ ರೆಂಚ್ 12 ತೋರಿಸುವಾಗ ಥ್ರೆಡ್ಡಿನ ಮೇಲೆ ಬೀಳುವ ಎಳೆತ ಅದಕ್ಕಿಂತ ಬಹಳ ಹೆಚ್ಚಿರುತ್ತದೆ.

ಬಿಚ್ಚಿದ ಹಳೆಯ ಪ್ಲಗ್ಗುಗಳನ್ನು ಒಂದೇ ರಾಶಿಗೆ ಎಸೆಯದೆ, ಸವಾರನ ಎಡಗಡೆಯದ್ದು ಒಂದನೆಯದು ಎಂಬ ಲೆಕ್ಕದಲ್ಲಿ ಸಾಲಾಗಿ ಇಡಿ. ಮೂತಿ ತಿಳಿ ಕಂದು ಅಥವಾ ಬೂದು ಬಣ್ಣಕ್ಕಿದ್ದರೆ ಉರಿ ಹದವಾಗಿದೆ. ಒಣ ಕಪ್ಪು ಮಸಿ ಇದ್ದರೆ ಪೆಟ್ರೋಲ್ ಹೆಚ್ಚು ಅಥವಾ ಏರ್ ಫಿಲ್ಟರ್ ಕಟ್ಟಿದೆ. ಎಣ್ಣೆಯ ಜಿಡ್ಡು ಕಂಡರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಸೀಲಿನ ಮೇಲೆ ಅನುಮಾನ. ಬೆಳ್ಳಗೆ ಸುಟ್ಟು ಗುಳ್ಳೆ ಎದ್ದಿದ್ದರೆ ಅತಿ ಶಾಖ. ಸ್ಪ್ಯಾನರ್ ಹಿಡಿಯುವ ಷಟ್ಕೋನದ ಮೇಲಿನ ಬಿಳಿ ಸೆರಾಮಿಕ್ಕಿನಲ್ಲಿ ಕಂದು ಕಲೆ ಕಂಡು ‘ಗ್ಯಾಸ್ ಲೀಕ್’ ಎಂದು ಗಾಬರಿಯಾಗುವವರಿದ್ದಾರೆ. ಅದು ಲೀಕ್ ಅಲ್ಲ. ಅಧಿಕ ವೋಲ್ಟೇಜಿನ ಸುತ್ತ ಏಳುವ ಕೊರೋನಾ ವಿಸರ್ಜನೆ ಗಾಳಿಯಲ್ಲಿನ ಎಣ್ಣೆಯ ಕಣಗಳನ್ನು ಅಲ್ಲಿಗೆ ಸೆಳೆದು ಅಂಟಿಸಿದೆ, ಅಷ್ಟೇ.

ನಾಲ್ಕೂ ಒಂದೇ ಬಣ್ಣವಾಗಿದ್ದರೆ ಎಂಜಿನ್ ಸಮವಾಗಿ ಉರಿಯುತ್ತಿದೆ. ಮೂರು ಕಂದು, ಮೂರನೆಯ ಸಿಲಿಂಡರಿನದ್ದು ಮಾತ್ರ ಕಪ್ಪು ಎಂದಾದರೆ ಹೊಸ ಪ್ಲಗ್ಗಿನಿಂದ ಕಾಯಿಲೆ ವಾಸಿಯಾಗದು. ಅಂಥ ಸಂದರ್ಭದಲ್ಲಿ ಮೂರನೆಯದರ ಕಾಯಿಲನ್ನು ಎರಡನೆಯದಕ್ಕೆ, ಎರಡನೆಯದನ್ನು ಮೂರನೆಯದಕ್ಕೆ ಹಾಕಿ ಕೆಲವು ದಿನ ಓಡಿಸಿ ಮತ್ತೆ ಬಿಚ್ಚಿ ನೋಡಬೇಕು. ಕಪ್ಪು ಎರಡನೆಯ ಸಿಲಿಂಡರಿಗೆ ದಾಟಿದ್ದರೆ ದೋಷ ಕಾಯಿಲಿನದು. ಮೂರರಲ್ಲೇ ಉಳಿದಿದ್ದರೆ ಆ ಸಿಲಿಂಡರಿನ ಇಂಜೆಕ್ಟರನ್ನೂ ವಾಲ್ವ್ ಕ್ಲಿಯರೆನ್ಸನ್ನೂ ಮೆಕ್ಯಾನಿಕ್ಕಿನಿಂದ ಪರೀಕ್ಷೆ ಮಾಡಿಸಬೇಕು.