ಹನ್ನೆರಡು ಗಂಟೆಯ ಸೈಕಲ್, ತಿಂಗಳುಗಟ್ಟಲೆ ತಯಾರಿ

ಅಮೆರಿಕದ ಕೊಲೊರಾಡೊದಲ್ಲಿ ಲೆಡ್‌ವಿಲ್ ಎಂಬ ಹಳೆಯ ಗಣಿ ಊರಿದೆ. ಸಮುದ್ರಮಟ್ಟದಿಂದ ಸುಮಾರು 3,100 ಮೀಟರ್ ಎತ್ತರ. 1994ರಲ್ಲಿ ಅಲ್ಲಿ ನೂರು ಮೈಲಿಯ, ಅಂದರೆ 160 ಕಿ.ಮೀ. ಬೆಟ್ಟದ ಸೈಕಲ್ ಓಟ ಶುರುವಾಯಿತು. ಬೆಳಿಗ್ಗೆ ಹೊರಟವರು 12 ಗಂಟೆಯೊಳಗೆ ಮುಟ್ಟಬೇಕು. ಮುಟ್ಟಿದವರಿಗೆ ಸಿಗುವುದು ಬೆಲ್ಟಿನ ಒಂದು ಬಕಲ್. ಒಂದು ನಿಮಿಷ ತಡವಾದರೆ ಅದೂ ಇಲ್ಲ.

ಕಾಲಲ್ಲಿ ಬಲ ಇದ್ದರೆ ಸಾಕು ಅಂತ ಹುಡುಗರು ಅಂದುಕೊಳ್ತಾರೆ. ಆದರೆ ಇಂಥ ಓಟದಲ್ಲಿ ಅನೇಕರನ್ನು ಕೆಡವುವುದು ಹೊಟ್ಟೆ. ಜೋರಾಗಿ ತುಳಿದರೆ ದೇಹದಲ್ಲಿ ಕೂಡಿಟ್ಟ ಸಕ್ಕರೆ ಅಂಶ ಎರಡು ಗಂಟೆ ಚಿಲ್ಲರೆಯಲ್ಲಿ ಖಾಲಿ. ಗಂಟೆಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಒಳಗೆ ಹೋಗಬೇಕು, ಅದೂ ಹಸಿವೆ ಆಗುವ ಮೊದಲೇ. ತುಳಿಯುತ್ತಾ ತಿನ್ನೋದಕ್ಕೂ ಅಭ್ಯಾಸ ಬೇಕಲ್ಲ! ಹಾಗಾಗಿ ವಾರಕ್ಕೊಮ್ಮೆ ಐದಾರು ಗಂಟೆ ಸವಾರಿ, ಅದೇ ತಿಂಡಿ, ಅದೇ ಸೀಟು, ಅದೇ ಚಡ್ಡಿ. ಓಟದ ದಿನ ಹೊಸ ತಿಂಡಿ ಬಾಯಿಗಿಟ್ಟರೆ ವಾಂತಿಯಾದೀತು.

ದಾರಿಯ ನಡುವೆ ಕೊಲಂಬೈನ್ ಗಣಿಯ ಏರು, 3,700 ಮೀಟರ್ ದಾಟುತ್ತದೆ. ಗಾಳಿ ತೆಳು. ಕಡಲ ಬದಿಯ ಊರಿಂದ ಹೋದವರಿಗೆ ಉಸಿರೇ ಸಾಲದು. ಅಲ್ಲಿ ಎಷ್ಟೋ ಮಂದಿ ಇಳಿದು ಸೈಕಲ್ ತಳ್ಳಿಕೊಂಡೇ ಹತ್ತುತ್ತಾರೆ. ನಾಚಿಕೆ ಏನಿಲ್ಲ, ತಳ್ಳುವುದನ್ನೂ ಮೊದಲೇ ಕಲಿತಿರಬೇಕು.