ಕಾಗುಣಿತದ ದಾಳ

ಓದು ಕಲಿಯುತ್ತಿರುವ ಮಗುವಿಗೆ ಹಾವೇರಿ ಜಿಲ್ಲೆಯ ಬಸ್ಸಿನ ಬೋರ್ಡುಗಳೇ ಒಂದು ಪರೀಕ್ಷೆ. ಸವಣೂರು ಅಷ್ಟೇನೂ ಕಾಡುವುದಿಲ್ಲ. ಸ, ವ ಗೊತ್ತಿದ್ದರೆ ಅರ್ಧ ದಾರಿ ಮುಗಿಯಿತು. ಹಾನಗಲ್‌ನಲ್ಲಿ ಕೊನೆಯ ಲ್ ಅಡ್ಡ ನಿಲ್ಲುತ್ತದೆ. ಹಿರೇಕೆರೂರಿನ ಹೆಸರಿನಲ್ಲಿ ರ ಮೂರು ಸಲ ಬರುತ್ತದೆ, ಮೂರು ಸಲವೂ ಬೇರೆ ವೇಷದಲ್ಲಿ: ರೇ, ರೂ, ರು. ಶಿಗ್ಗಾಂವಿಯಂತೂ ನಡುವೆ ಒತ್ತು, ದೀರ್ಘ, ಸೊನ್ನೆ ಮೂರನ್ನೂ ಒಟ್ಟಿಗೇ ತುರುಕಿಕೊಂಡಿದೆ.

ಈ ತಾಲ್ಲೂಕುಗಳ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಓದು ಅ, ಆ, ಇ, ಈ ಎಂದು ಶುರುವಾಗುವುದಿಲ್ಲ. ಅಲ್ಲಿನ ನಲಿ-ಕಲಿ ಪದ್ಧತಿಯ ಮೊದಲ ಅಕ್ಷರಗಳು ರ, ಗ, ಸ, ದ, ಅ. ಶಿಕ್ಷಕರ ಬಾಯಲ್ಲಿ ಅದು ‘ರಗಸದಅ’. ಐದು ಅಕ್ಷರ ಕಲಿತ ಮಗು ಆಗಲೇ ಸರ, ಅರಸ, ಅಗಸ, ಗರಗಸ ಎಂದು ಓದುತ್ತದೆ. ವರ್ಣಮಾಲೆಯ ಸಾಲು ಹಿಡಿದು ಹೊರಟಿದ್ದರೆ ಅಷ್ಟು ಹೊತ್ತಿಗೆ ಆ, ಈ ಬಿಟ್ಟರೆ ಕೈಗೆ ಒಂದು ಪದವೂ ಸಿಗುತ್ತಿರಲಿಲ್ಲ. ಆಂಧ್ರದ ರಿಷಿ ವ್ಯಾಲಿ ಶಾಲೆಗಳ ಮಾದರಿಯಿಂದ ಪ್ರೇರಣೆ ಪಡೆದು 1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯಲ್ಲಿ ಮೊಳೆತ ಈ ಪದ್ಧತಿ 2009-10ರಲ್ಲಿ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳಿಗೂ ಬಂತು. ಕಾರ್ಡು, ಹಾಡು, ಆಟ, ಮೆಟ್ಟಿಲು ಮೆಟ್ಟಿಲಾಗಿ ಹತ್ತುವ ಕಲಿಕಾ ಏಣಿ ಎಲ್ಲ ಅದರ ಜೊತೆಗೇ ಬಂದವು.

ಕಷ್ಟ ಎದುರಾಗುವುದು ಆಮೇಲೆ. 34 ವ್ಯಂಜನಗಳಿಗೆ ಸ್ವರ ಸೇರಿದರೆ ರೂಪಗಳು ನಾನೂರು ದಾಟುತ್ತವೆ, ಒತ್ತಕ್ಷರಗಳು ಬೇರೆ. ಕನ್ನಡದ ಮಕ್ಕಳು ಅಕ್ಷರಗಳ ಮೇಲೆ ಹಿಡಿತ ಸಾಧಿಸುವುದು ನಾಲ್ಕನೇ ಇಯತ್ತೆಯವರೆಗೂ ಮುಂದುವರಿಯುತ್ತದೆ ಎಂದು ಸಂಶೋಧಕಿ ಸೋನಾಲಿ ನಾಗ್ 2007ರ ಅಧ್ಯಯನದಲ್ಲಿ ತೋರಿಸಿದರು. ಆಟ ಹೆಚ್ಚು ಬೇಕಾದದ್ದು ಇಲ್ಲೇ. ಆದರೆ ಎಷ್ಟೋ ಕಡೆ ಕಾಗುಣಿತ ಬಂದ ಕೂಡಲೇ ಆಟ ನಿಂತು, ಕ ಕಾ ಕಿ ಕೀ ಬಾಯಿಪಾಠ ಶುರುವಾಗುತ್ತದೆ. ನಡುವಿನ ‘ಕೊ’ ಕೇಳಿದರೆ ಮಗು ಮತ್ತೆ ‘ಕ’ದಿಂದ ಎಣಿಸಿಕೊಂಡು ಬರಬೇಕು.

ಕಾಗುಣಿತಕ್ಕೂ ಆಟ ಹೊಂದಿಸಬಹುದು, ಹಳೆಯದೊಂದು ಆಟ ದಾರಿ ತೋರಿಸುತ್ತದೆ. ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಲಾಕ್ 1693ರಲ್ಲಿ ಶಿಕ್ಷಣದ ಬಗ್ಗೆ ಬರೆದ ಪುಸ್ತಕದಲ್ಲಿ ದೊಡ್ಡ ಮನೆತನದ ತಂದೆಯೊಬ್ಬನ ಆಟ ಬರುತ್ತದೆ. ಒಂದು ದಾಳದ ಆರು ಮುಖಕ್ಕೆ ಸ್ವರಗಳನ್ನು, ಇನ್ನು ಮೂರು ದಾಳಗಳಿಗೆ ಹದಿನೆಂಟು ವ್ಯಂಜನಗಳನ್ನು ಆತ ಅಂಟಿಸಿದ. ಒಂದೇ ಎಸೆತದಲ್ಲಿ ಹೆಚ್ಚು ಪದ ಹುಟ್ಟಿಸಿದವರಿಗೆ ಗೆಲುವು. ಇಂಗ್ಲಿಷಿನಲ್ಲಿ ಈ ಆಟ ಆಗಾಗ ಕೈಕೊಡುತ್ತದೆ, ಬಿದ್ದ ಅಕ್ಷರಗಳು ಉಚ್ಚಾರಕ್ಕೇ ಒಗ್ಗದೆ ಹೋಗಬಹುದು. ಕನ್ನಡದಲ್ಲಿ ವ್ಯಂಜನದ ಕಾರ್ಡು ಹಿಡಿದು ಸ್ವರಚಿಹ್ನೆಯ ದಾಳ ಎಸೆದರೆ ಓದಲಾಗದ ಅಕ್ಷರ ಬೀಳುವುದೇ ಇಲ್ಲ. ಗ ಹಿಡಿದವನಿಗೆ ಊ ಬಿತ್ತೋ, ಗೂಡು ಎನ್ನಲಿ, ಗೂಬೆ ಎನ್ನಲಿ. ಹೇಳಿದ ಮೇಲೆಯೇ ಚೌಕಾಬಾರದ ಮನೆಯಲ್ಲಿ ಕಾಯಿ ನಡೆಯಬೇಕು. ದಾಳಕ್ಕೆ ಖರ್ಚೂ ಇಲ್ಲ. ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡುವ ಕೈಗಳಿಗೆ ಆರು ಮುಖದ ಮಣ್ಣಿನ ದಾಳ ದೊಡ್ಡದಲ್ಲ. ಒತ್ತಿದರೆ ತಾನೇ ಹಾಡುವ ಅಂಗಡಿಯ ಪ್ಲಾಸ್ಟಿಕ್ ಅಕ್ಷರಕ್ಕಿಂತ ಇದು ಮೇಲು, ಅಲ್ಲಿ ಓದುವ ಕೆಲಸವನ್ನು ಆಟಿಕೆಯೇ ಮುಗಿಸಿಬಿಡುತ್ತದೆ.

ಒತ್ತಕ್ಷರಕ್ಕೆ ಮಾತ್ರ ದಾಳ ನಡೆಯದು. ಯಾವುದೋ ಅಕ್ಷರಕ್ಕೆ ಯಾವುದೋ ಒತ್ತು ಬಿದ್ದರೆ ಎಲ್ಲ ಸಲವೂ ಪದವಾಗುವುದಿಲ್ಲ. ಅಲ್ಲಿಗೆ ಜೋಡಿ ಕಾರ್ಡು ಸರಿ: ಅಕ್ಕ, ಅಜ್ಜ, ಅಪ್ಪ, ರೊಟ್ಟಿ, ಬೆಲ್ಲ ಮೊದಲು, ಹಸ್ತ, ಚಂದ್ರ ಆಮೇಲೆ. ಒಗಟೂ ಇದೆ. ಸರ್ವಜ್ಞನ ತ್ರಿಪದಿಗಳಲ್ಲಿ ಒಗಟುಗಳಿಗೆ ಬರವಿಲ್ಲ, ಆತ ಹಿರೇಕೆರೂರ ಸೀಮೆಯವನೇ. ಉತ್ತರವನ್ನು ಬಾಯಲ್ಲಿ ಹೇಳುವಂತಿಲ್ಲ, ಕಾರ್ಡು ಜೋಡಿಸಿಯೇ ತೋರಿಸಬೇಕು ಎಂಬ ಒಂದು ನಿಯಮ ಹಾಕಿದರೆ ಸಾಕು, ಉತ್ತರ ಗೊತ್ತಿದ್ದ ಮಗು ಒತ್ತು ಹುಡುಕಲು ತಾನೇ ಮುಗಿಬೀಳುತ್ತದೆ.